ಗಿರಾಕಿಯ ಅಡುಗೆಮನೆಯಲ್ಲಿ ಮೊಬೈಲ್ ಕ್ಯಾಮೆರಾ

"ಫಿಲ್ಟರ್‌ಗೆ ಎಷ್ಟು ಪುಡಿ ಹಾಕ್ತೀರಾ?" ಎಂದು ಚಿಕ್ಕಮಗಳೂರಿನ ಮನೆಗಳಲ್ಲಿ ಕೇಳಿ ನೋಡಿ. "ಎರಡು ಚಮಚ" ಎಂಬ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ಆಮೇಲೆ ಅದೇ ಕೈ ಪುಡಿ ಹಾಕುವುದನ್ನು ಗಮನಿಸಿ. ಗೋಪುರದ ಹಾಗೆ ತುಂಬಿದ ಎರಡು ಚಮಚ, ಡಬ್ಬಿ ಮುಚ್ಚುವ ಮುಂಚೆ "ಇರ್ಲಿ" ಅಂತ ಇನ್ನರ್ಧ. ಯಾರೂ ಬೇಕಂತ ಸುಳ್ಳು ಹೇಳುವುದಿಲ್ಲ. ಕೈಗೆ ರೂಢಿಯಾದದ್ದರ ಲೆಕ್ಕವನ್ನು ಬಾಯಿ ಇಟ್ಟುಕೊಂಡಿರುವುದಿಲ್ಲ, ಅಷ್ಟೆ. ಮಾರುಕಟ್ಟೆ ಸಂಶೋಧನೆಯಲ್ಲಿ ವಿಡಿಯೊ ಕೆಲಸಕ್ಕೆ ಬರುವುದು ಇಲ್ಲೇ. ಇದಕ್ಕೆ ದೊಡ್ಡ ಕಂಪನಿಯೇ ಆಗಬೇಕಿಲ್ಲ. ಎಂ.ಜಿ. ರಸ್ತೆಯ ಕಾಫಿಪುಡಿ ಅಂಗಡಿಗೂ ಹಾಸನದ ಬೇಕರಿಗೂ ಒಂದು ಮೊಬೈಲ್, ಒಂದು ಸಣ್ಣ ಸ್ಟ್ಯಾಂಡ್ ಸಾಕು.

ಯಾವ ಪ್ರಶ್ನೆ, ಯಾವ ಮನೆ

"ನಮ್ಮ ಪುಡಿ ಹೇಗಿದೆ?" ಎನ್ನುವುದು ವಿಡಿಯೊಗೆ ತಕ್ಕ ಪ್ರಶ್ನೆಯಲ್ಲ. "ಚೆನ್ನಾಗೇ ಇದೆ ಕಣಪ್ಪ" ಅನ್ನುತ್ತಾರೆ, ಮುಗಿಯಿತು. ಮಾಡಿ ತೋರಿಸಿದರೆ ಮಾತ್ರ ಉತ್ತರ ಸಿಗುವಂಥದ್ದನ್ನು ಹಿಡಿಯಿರಿ. ನಾನು ಒಬ್ಬ ಪುಡಿ ವ್ಯಾಪಾರಿಗಾಗಿ ಇಟ್ಟುಕೊಂಡಿದ್ದ ಪ್ರಶ್ನೆ ಒಂದೇ: ಪೊಟ್ಟಣ ಮನೆ ಸೇರಿದ ಮೇಲೆ ಏನಾಗುತ್ತದೆ?

ಎಂಟು ಹತ್ತು ಮನೆ ಸಾಕು, ಆದರೆ ಒಂದರಂತೆ ಇನ್ನೊಂದು ಇರಬಾರದು. ಫಿಲ್ಟರ್ ಇಡುವವರು, ಬಟ್ಟೆಯಲ್ಲಿ ಸೋಸುವವರು, ಬೆಲ್ಲದ ಕಾಫಿ ಕುಡಿಯುವವರು, ತೋಟದ ಲೈನ್ ಮನೆಯವರು, ಬಾಡಿಗೆ ರೂಮಿನ ಹುಡುಗರು. ಹತ್ತು ಮನೆ ನೋಡಿ ಬಂದು "ಶೇ 70ರಷ್ಟು ಗಿರಾಕಿಗಳು" ಎಂದು ಮಾತ್ರ ಬರೆಯಬೇಡಿ. ಎಷ್ಟು ಜನ ಎಂದು ತಿಳಿಯಲು ಸಮೀಕ್ಷೆ ಬೇರೆ ಇದೆ. ಇಲ್ಲಿ ಹುಡುಕುವುದು ಹೇಗೆ, ಯಾಕೆ ಎಂಬುದನ್ನು.

ಮೊದಲು ಒಪ್ಪಿಗೆ

ಯಾಕೆ ತೆಗೆಯುತ್ತಿದ್ದೇವೆ, ಯಾರ್ಯಾರು ನೋಡುತ್ತಾರೆ, ಯಾವತ್ತು ಅಳಿಸುತ್ತೇವೆ ಎಂಬ ಮೂರನ್ನೂ ಬರೆದ ಒಂದು ಹಾಳೆ ಕನ್ನಡದಲ್ಲಿರಲಿ. ಸಹಿಗೆ ಮುಂಚೆ ಅದನ್ನು ಓದಿ ಹೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದನ್ನೇ ಬಯಸುತ್ತದೆ: ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ತಮಗೆ ಬೇಕಾದುದರಲ್ಲಿ ಓದುವ ಅವಕಾಶ ಜನರಿಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವಂತಿರಬೇಕು, 18 ತುಂಬದವರಾದರೆ ಪೋಷಕರು ಒಪ್ಪಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುತ್ತಿವೆ.

ಮನೆಯೊಡತಿ ಒಪ್ಪಿದ ಮಾತ್ರಕ್ಕೆ ಅತ್ತೆಯೂ ಒಪ್ಪಿದಂತಲ್ಲ. ಅವರನ್ನೂ ಕೇಳಿ. ದೇವರ ಮನೆ ಫ್ರೇಮಿಗೆ ಬರುತ್ತದಾ ನೋಡಿ. ಯೂನಿಫಾರ್ಮ್ ತೊಟ್ಟ ಮಗು ಅಡ್ಡ ಬಂದರೆ ಶಾಲೆಯ ಹೆಸರೂ ಸಿಕ್ಕಿಬಿಡುತ್ತದೆ, ಆ ಭಾಗವನ್ನು ಕತ್ತರಿಸಬೇಕು.

ಕೈ ಮೇಲೆ ಕಣ್ಣು

ನನ್ನ ಮೊದಲ ಮನೆಯಲ್ಲಿ ಮಾಡಿದ ತಪ್ಪು ಈಗಲೂ ನೆನಪಿದೆ. ನಲವತ್ತು ನಿಮಿಷ ಆ ಅಕ್ಕನ ಮುಖವನ್ನೇ ತೆಗೆದಿದ್ದೆ. ರಾತ್ರಿ ಕೂತು ನೋಡಿದರೆ ನಗು ಇದೆ, ಮಾತು ಇದೆ, ಕೈ ಒಂದೂ ಇಲ್ಲ. ಮಧ್ಯೆ ಕುಕ್ಕರ್ ಮೂರು ಸಲ ಕೂಗಿ ಮಾತೂ ಹೋಗಿತ್ತು. ಕ್ಯಾಮೆರಾವನ್ನು ಸ್ಟೌವ್ ಕಟ್ಟೆಯ ಪಕ್ಕ, ಎದೆಮಟ್ಟದಲ್ಲಿ, ಕೈ ಮತ್ತು ಪಾತ್ರೆ ಕಾಣುವ ಹಾಗೆ ಇಡಿ. ಹಬೆ ಲೆನ್ಸಿಗೆ ತಾಗದಷ್ಟು ದೂರವಿರಲಿ. ಫೋನ್ ಫ್ಲೈಟ್ ಮೋಡ್‌ನಲ್ಲಿರಲಿ. ಮಾತಿಗೆ ಕಾಲರ್ ಮೈಕ್ ಒಳ್ಳೆಯದು.

ಶುರುವಿನ ಹತ್ತು ನಿಮಿಷ ಎಲ್ಲರೂ ಕ್ಯಾಮೆರಾಕ್ಕಾಗಿಯೇ ಕಾಫಿ ಮಾಡುತ್ತಾರೆ. ಕಟ್ಟೆ ಒರೆಸುತ್ತಾರೆ, ಒಳ್ಳೆ ಲೋಟ ಹುಡುಕುತ್ತಾರೆ. ಅದು ಕಳೆಯಲಿ. ಮಾಡುವಾಗ ಪ್ರಶ್ನೆ ಕೇಳಬೇಡಿ. ಕೇಳಿದಿರೋ, ಮಾಡುವುದನ್ನು ಬಿಟ್ಟು ಪಾಠ ಹೇಳಲು ಶುರುಮಾಡುತ್ತಾರೆ. ಮುಗಿದ ಮೇಲೆ ವಿಡಿಯೊವನ್ನು ಅವರಿಗೇ ತೋರಿಸಿ, "ಅಕ್ಕ, ಇಲ್ಲಿ ಯಾಕೆ ತಡೆದ್ರಿ?" ಎಂದು ಕೇಳಿ. ನನ್ನ ಪ್ರಕಾರ ಇಡೀ ಕೆಲಸದ ಸಾರ ಇರುವುದು ಹೀಗೆ ಒಟ್ಟಿಗೆ ಕೂತು ನೋಡುವ ಹತ್ತು ನಿಮಿಷದಲ್ಲಿ. "ಅಯ್ಯೋ, ನಾನು ಹಿಂಗ್ ಮಾಡ್ತೀನಾ?" ಎನ್ನುತ್ತಲೇ ಕಾರಣ ಹೊರಬರುತ್ತದೆ.

ಬೆಳಗ್ಗೆ ಐದೂವರೆಯ ಕಾಫಿಗೆ ನೀವು ಹೋಗಲಾಗುವುದಿಲ್ಲ. ಅವರೇ ತೆಗೆದು ಕಳಿಸಲಿ. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿಕೊಡಿ. ಇಲ್ಲದಿದ್ದರೆ ವಿಡಿಯೊ ಕುಗ್ಗಿ ಮಸುಕಾಗುತ್ತದೆ.

ನೋಡುವ ಕೆಲಸ

ತೆಗೆಯುವುದಕ್ಕಿಂತ ನೋಡುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕೈದು ಗಂಟೆ ಬೇಕು. ಎಕ್ಸೆಲ್‌ನಲ್ಲಿ ನಾಲ್ಕು ಕಾಲಂ ಮಾಡಿ: ಸಮಯ, ಕೈ ಮಾಡಿದ್ದು, ಬಾಯಿ ಹೇಳಿದ್ದು, ನಮ್ಮ ಅನುಮಾನ. ಎರಡನೆಯದಕ್ಕೂ ಮೂರನೆಯದಕ್ಕೂ ತಾಳೆಯಾಗದ ಸಾಲುಗಳಿಗೆ ಬಣ್ಣ ಹಾಕಿ. ಸಾಧ್ಯವಾದರೆ ಇನ್ನೊಬ್ಬರೂ ಬೇರೆಯಾಗಿ ನೋಡಲಿ.

ನನಗೆ ಬಣ್ಣ ಹಾಕಲು ಸಿಕ್ಕಿದ್ದು ಹೀಗೆ. ಇನ್ನೊಂದು ಮನೆಯ ಅಕ್ಕ ಕತ್ತರಿಯಲ್ಲಿ ಪೊಟ್ಟಣದ ಮೂಲೆ ಕತ್ತರಿಸಿದರು, ಹಳೇ ಹಾರ್ಲಿಕ್ಸ್ ಬಾಟ್ಲಿಗೆ ಪುಡಿ ಸುರಿದರು, ಬುಡ ತಟ್ಟಿದರು, ಖಾಲಿ ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಿದರು. "ನಾವು ಚಿಕೋರಿ ಇಲ್ದಿರೋದೇ ತರೋದು" ಎಂದೂ ಅಂದರು. ಬುಟ್ಟಿಯಲ್ಲಿದ್ದ ಪೊಟ್ಟಣದ ಮೇಲೆ ಕಾಫಿ 70, ಚಿಕೋರಿ 30 ಎಂದಿತ್ತು. ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಪ್ರಮಾಣವನ್ನು ಲೇಬಲ್‌ನಲ್ಲಿ ಹೇಳಬೇಕು ಎಂಬ ನಿಯಮವಿದೆ. ಆದರೆ ಲೇಬಲ್ ಮನೆಯಲ್ಲಿ ಉಳಿದದ್ದು ಅರ್ಧ ನಿಮಿಷ. "ಯಾವ ಅಂಗಡೀದು?" ಎಂದರೆ, "ಅದೇ, ಮೂಲೇದು."

ಅಂಗಡಿಯವರ ಮುಂದೆ

ಗಂಟೆಗಟ್ಟಲೆ ಯಾರೂ ನೋಡುವುದಿಲ್ಲ. ನಾಲ್ಕೈದು ತುಣುಕು, ಒಂದೊಂದೂ ಒಂದು ನಿಮಿಷದೊಳಗೆ. ಆದರೆ ತಮಾಷೆಯಾಗಿದೆ ಎಂದು ಆರಿಸಬೇಡಿ, ಬೇರೆ ಮನೆಗಳಲ್ಲೂ ಕಂಡದ್ದನ್ನು ಆರಿಸಿ. ಬಾಟ್ಲಿಯ ತುಣುಕನ್ನು ವ್ಯಾಪಾರಿ ಎರಡು ಸಲ ಹಾಕಿಸಿಕೊಂಡು ನೋಡಿದರು. ಬೆಳ್ಳಿ ಬಣ್ಣದ ಪೊಟ್ಟಣಕ್ಕೆ ಆ ವರ್ಷ ಚೆನ್ನಾಗಿಯೇ ದುಡ್ಡು ಸುರಿದಿದ್ದರು. "ನಮ್ ಹೆಸ್ರೇ ಇಲ್ವಲ್ರೀ ಆ ಮನೇಲಿ" ಎಂದರು. ಬಾಟ್ಲಿಗೆ ಅಂಟಿಸುವ ಒಂದು ಸ್ಟಿಕರನ್ನು ಪೊಟ್ಟಣದೊಳಗೆ ಇಡುವ ಮಾತು ಅಲ್ಲೇ ಬಂತು.

ಹೊರಡುವಾಗ, "ಇದನ್ನ ಸ್ಟೇಟಸ್‌ಗೆ ಹಾಕ್ಕೊಳ್ಲಾ ಸಾರ್?" ಎಂದು ಕೇಳಿದರು. ಆಗಲ್ಲ ಎಂದೆ. ಅಂಗಡಿಯೊಳಗೆ ಮಾತ್ರ ನೋಡುವುದು ಎಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಂಡಿದ್ದೆ. ಹೇಳಿದ ತಾರೀಖಿಗೆ ಮೊಬೈಲ್, ಲ್ಯಾಪ್‌ಟಾಪ್, ಗೂಗಲ್ ಡ್ರೈವ್ ಮೂರರಿಂದಲೂ ಅಳಿಸಿ, ಅಕ್ಕನಿಗೆ ಒಂದು ಮೆಸೇಜ್ ಹಾಕಿದೆ.