ಹಳೆಯ ಮನೆಗೆ ಹೊಸ ಡಿಶ್‌ವಾಶರ್, ಹೊಸ ಒಲೆ: ಅಮೆರಿಕಕ್ಕೆ ಬಂದು ಮನೆ ಕೊಂಡ ಹೊಸಬರಿಗೆ

ಅಮೆರಿಕದಲ್ಲಿ ಮೊದಲ ಮನೆ ಕೊಳ್ಳುವ ನಮ್ಮವರಲ್ಲಿ ಹಲವರ ಪಾಲಿಗೆ ಬರುವುದು ಐವತ್ತು, ಅರವತ್ತು ವರ್ಷ ಹಿಂದೆ ಕಟ್ಟಿದ ಮನೆಯೇ. ಸಾಲದ ಕಂತು ಶುರುವಾದ ಮೇಲೆ ಡಿಶ್‌ವಾಶರ್ ಕೂರಿಸುವ ಕೂಲಿಯನ್ನು ಕೇಳಿ ದಂಗಾಗಿ, ‘ಇಷ್ಟಕ್ಕೆ ಇಷ್ಟೊಂದು ಯಾಕೆ, ನಾವೇ ಮಾಡಿಕೊಂಡರಾಯಿತು’ ಎಂದು ಹೊರಡುವುದು ಸಹಜ, ಅದರಲ್ಲಿ ತಪ್ಪೂ ಇಲ್ಲ. ಆದರೆ ನಾವು ಮೊದಲು ಅಂಗಡಿಗೆ ಹೋಗಿ ಯಂತ್ರ ಆರಿಸುತ್ತೇವೆ, ಅದು ಮನೆ ಬಾಗಿಲಿಗೆ ಬಂದು ನಿಂತ ಮೇಲೆ ಅಡುಗೆಮನೆಯ ಗೋಡೆ, ನೆಲ, ಕೊಳವೆಗಳ ಕಡೆ ತಿರುಗಿ ನೋಡುತ್ತೇವೆ. ಹಳೆಯ ಮನೆಯಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡಬೇಕು.

ಮೊದಲು ಮೈನ್ ಬೋರ್ಡಿನ ಮುಚ್ಚಳ ತೆರೆದು ನೋಡಿ. ಇಲ್ಲಿ ಸಾಮಾನ್ಯ ಸಾಕೆಟ್ಟಿಗೆ ಬರುವುದು 120 ವೋಲ್ಟ್. ವಿದ್ಯುತ್ ಒಲೆಗೆ ಪ್ರತ್ಯೇಕವಾಗಿ 240 ವೋಲ್ಟಿನ ಸಂಪರ್ಕ ಇರುತ್ತದೆ. ಗ್ಯಾಸ್ ಒಲೆ ತೆಗೆದು ಇಂಡಕ್ಷನ್ ಒಲೆ ಇಡಬೇಕೆನ್ನುವವರು ಅಂಥ ಸಂಪರ್ಕ ತಮ್ಮ ಅಡುಗೆಮನೆಯಲ್ಲಿ ಇದೆಯೇ ಎಂಬುದನ್ನು ಒಲೆ ಕೊಳ್ಳುವ ಮೊದಲೇ ತಿಳಿದುಕೊಳ್ಳಬೇಕು. ಊರಿನಲ್ಲಿ ಫ್ಯೂಸ್ ಹೋದಾಗ ಅದಕ್ಕಿಂತ ದಪ್ಪನೆಯ ತಂತಿ ಸುತ್ತಿ ‘ಇನ್ನು ಹೋಗಲ್ಲ ಬಿಡಿ’ ಎಂದ ಮಹನೀಯರನ್ನು ನಾವೆಲ್ಲ ಕಂಡವರೇ. ಆ ಬುದ್ಧಿ ಇಲ್ಲಿಗೂ ನಮ್ಮೊಡನೆ ವಿಮಾನ ಹತ್ತಿ ಬಂದಿದೆ. ಇಲ್ಲಿ ಫ್ಯೂಸಿನ ಕೆಲಸ ಮಾಡುವ 15 ಆಂಪಿಯರಿನ ಬ್ರೇಕರ್ ಪದೇಪದೇ ಬೀಳುತ್ತದೆಂದು 20ರದನ್ನು ಹಾಕಿಕೊಂಡವರು ನಮ್ಮ ಪರಿಚಿತರಲ್ಲೇ ಇದ್ದಾರೆ. 15 ಆಂಪಿಯರಿಗೆ 14 ಗೇಜಿನ ತಾಮ್ರದ ತಂತಿ ಸಾಕು, 20ಕ್ಕೆ 12 ಗೇಜಿನದು ಬೇಕು, ಮತ್ತು ಗೇಜಿನ ಸಂಖ್ಯೆ ಇಳಿದಷ್ಟೂ ತಂತಿ ದಪ್ಪವಾಗುತ್ತದೆ. ತಂತಿ ಬದಲಿಸದೆ ಬ್ರೇಕರನ್ನು ಮಾತ್ರ ಬದಲಿಸಿದರೆ ಬಿಸಿಯಾಗುವುದು ಗೋಡೆಯೊಳಗಿನ ತಂತಿ, ಗೋಡೆಯೋ ಮರದ್ದು. ಮನೆ 1965ರಿಂದ 1973ರ ನಡುವೆ ಕಟ್ಟಿದ್ದಾದರೆ ಒಳಗಿನ ತಂತಿ ಅಲ್ಯೂಮಿನಿಯಮ್ಮಿನದಾಗಿರುವ ಸಾಧ್ಯತೆಯಿದೆ. ಅಂಥ ಕಡೆ ಕೈಹಾಕದೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನೇ ಕರೆಯಿರಿ. ಇನ್ನು ಸಾಕೆಟ್ಟಿನಲ್ಲಿ ಮೂರು ತೂತು ಕಂಡ ಮಾತ್ರಕ್ಕೆ ಅರ್ತ್ ಇದೆ ಎಂದು ನಂಬಬೇಡಿ. ಹಿಂದಿನವರು ಎರಡು ತೂತಿನ ಹಳೆಯ ಸಾಕೆಟ್ ತೆಗೆದು ಮೂರು ತೂತಿನದನ್ನು ಸುಮ್ಮನೆ ಅಂಟಿಸಿರುವುದು ಬಹಳ ಸಾಮಾನ್ಯ. ಸಾಕೆಟ್ಟಿಗೆ ಚುಚ್ಚಿ ನೋಡುವ, ಮೂರು ಪುಟ್ಟ ದೀಪಗಳ ಟೆಸ್ಟರ್ ಒಂದನ್ನು ಇಟ್ಟುಕೊಂಡರೆ ಇದು ಹೆಚ್ಚಿನ ಸಲ ಕ್ಷಣದಲ್ಲಿ ತಿಳಿಯುತ್ತದೆ.

ವಿದ್ಯುತ್ ಒಲೆಯ ಜೊತೆ ಸಾಮಾನ್ಯವಾಗಿ ವೈರು ಬರುವುದಿಲ್ಲ. ಗೋಡೆಯ ಸಾಕೆಟ್ ನೋಡಿ ಅದಕ್ಕೆ ಹೊಂದುವುದನ್ನು ನಾವೇ ತರಬೇಕು. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, 1996ರ ರಾಷ್ಟ್ರೀಯ ವಿದ್ಯುತ್ ಸಂಹಿತೆಯ ನಂತರ ಎಳೆದ ಹೊಸ ಸಂಪರ್ಕಗಳಲ್ಲಿ ನಾಲ್ಕು ತೂತಿನದು. ಒಲೆಯ ಹಿಂಬದಿಯ ಮುಚ್ಚಳ ಬಿಚ್ಚಿದರೆ ನ್ಯೂಟ್ರಲ್ಲಿನ ತಿರುಪಿನಿಂದ ಒಲೆಯ ಮೈಗೆ ಸೇರಿಸಿದ ಒಂದು ಸಣ್ಣ ಲೋಹದ ಪಟ್ಟಿ ಕಾಣುತ್ತದೆ. ಮೂರು ತಂತಿಯ ವೈರಾದರೆ ಅದು ಅಲ್ಲೇ ಇರಬೇಕು, ನಾಲ್ಕು ತಂತಿಯದಾದರೆ ಅದನ್ನು ತೆಗೆಯಲೇಬೇಕು. ಇದನ್ನು ಗಮನಿಸದಿದ್ದರೂ ಒಲೆ ಚೆನ್ನಾಗಿಯೇ ಉರಿಯುತ್ತದೆ, ಅಪಾಯವಿರುವುದೂ ಅಲ್ಲೇ.

ಡಿಶ್‌ವಾಶರಿನ ವಿಷಯದಲ್ಲಿ ನನ್ನ ಸಿಟ್ಟು ಇನ್ನೂ ಆರಿಲ್ಲ, ಆ ಸಿಟ್ಟು ನನ್ನ ಮೇಲೆಯೇ. ಇಲ್ಲಿನ ಅಡುಗೆ ಕಟ್ಟೆ ನೆಲದಿಂದ 36 ಇಂಚು ಎತ್ತರ, ಅದರಡಿಯ ಜಾಗ ಸುಮಾರು ಮೂವತ್ತನಾಲ್ಕೂವರೆ ಇಂಚು, ಅಗಲ 24 ಇಂಚು; ಹೆಚ್ಚಿನ ಯಂತ್ರಗಳನ್ನು ಈ ಅಳತೆಗೇ ತಯಾರಿಸುತ್ತಾರೆ. ನಾನು ಮಾಡಿದ್ದೇನೆಂದರೆ, ಹಳೆಯ ಯಂತ್ರವನ್ನು ಅಲ್ಲಿಯೇ ಬಿಟ್ಟು ಅದರ ಮುಂದಿನವರೆಗೆ ಹೊಸ ಟೈಲ್ಸ್ ಹಾಕಿಸಿದೆ. ಟೈಲ್ಸ್, ಅದರಡಿಯ ಸಿಮೆಂಟ್ ಹಲಗೆ, ಗಾರೆ ಎಲ್ಲ ಸೇರಿ ನೆಲ ಮುಕ್ಕಾಲು ಇಂಚು ಮೇಲೇರಿತು, ಯಂತ್ರ ಹಳ್ಳದಲ್ಲಿ ಉಳಿಯಿತು. ಅದು ಕೆಟ್ಟು ನಿಂತಾಗ ಮುಂದಕ್ಕೆ ಎಳೆದರೆ ಟೈಲ್ಸಿನ ಅಂಚಿಗೆ ತಾಗುತ್ತಿತ್ತು, ಮೇಲಕ್ಕೆತ್ತಿದರೆ ಕಲ್ಲಿನ ಕಟ್ಟೆಗೆ ತಾಗುತ್ತಿತ್ತು, ಯಂತ್ರದ ಕಾಲುಗಳನ್ನು ಗಿಡ್ಡ ಮಾಡಿ ತಗ್ಗಿಸೋಣವೆಂದರೆ ಹಿಂಗಾಲುಗಳ ತಿರುಪು ತುಕ್ಕು ಹಿಡಿದು ಮಿಸುಕುತ್ತಿರಲಿಲ್ಲ. ಕಡೆಗೆ ಆಸೆಪಟ್ಟು ಆರಿಸಿದ ಟೈಲ್ಸಿನ ಮುಂದಿನ ಸಾಲನ್ನು ನಾನೇ ಸುತ್ತಿಗೆಯಿಂದ ಒಡೆದೆ. ಆದ್ದರಿಂದ ನೆಲದ ಕೆಲಸವಿದ್ದರೆ ಯಂತ್ರವನ್ನು ಮೊದಲು ಹೊರಗೆಳೆಯಿಸಿ, ಕಟ್ಟೆಯ ಅಡಿಗೂ ಟೈಲ್ಸ್ ಹಾಕಿಸಿ, ಆಮೇಲೆ ಎತ್ತರವನ್ನು ಎಡ, ನಡು, ಬಲ ಮೂರೂ ಕಡೆ ಅಳೆಯಿರಿ. ಹಳೆಯ ಮನೆಯ ನೆಲ ಒಂದೇ ಮಟ್ಟದಲ್ಲಿ ಇರುವುದು ಅಪರೂಪ. ಅಡಿಯಲ್ಲಿ 9 ಇಂಚಿನ ಚೌಕಾಕಾರದ ಹಳೆಯ ಟೈಲ್ಸ್ ಕಂಡರೆ ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು, ಪರೀಕ್ಷೆ ಮಾಡಿಸದೆ ಕೆರೆಯಬೇಡಿ, ಉಜ್ಜಬೇಡಿ. 1978ಕ್ಕೆ ಮೊದಲಿನ ಮನೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ, ಮಕ್ಕಳಿರುವ ಮನೆಯಲ್ಲಿ ಬಣ್ಣ ಬಳಿದ ಕಪಾಟನ್ನು ಮರಳುಕಾಗದದಿಂದ ತಿಕ್ಕುವ ಮುನ್ನವೂ ಪರೀಕ್ಷೆ ಅಗತ್ಯ.

ಡಿಶ್‌ವಾಶರಿಗೆ ನೀರು ಬಿಡುವ, ಸಿಂಕಿನ ಕೆಳಗಿನ ವಾಲ್ವನ್ನು ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ, ತಿರುಗಿಸಿದೊಡನೆ ಅದರ ಕುತ್ತಿಗೆಯಲ್ಲಿ ನೀರು ಜಿನುಗತೊಡಗುತ್ತದೆ. ಅಲ್ಲಿರುವ ನಟ್ಟನ್ನು ಸ್ಪ್ಯಾನರಿನಿಂದ ಕಾಲು ಸುತ್ತು ಬಿಗಿಸಿದರೆ ಎಷ್ಟೋ ಸಲ ನಿಲ್ಲುತ್ತದೆ, ನಿಲ್ಲದಿದ್ದರೆ ಇಡೀ ಮನೆಯ ನೀರನ್ನು ಬಂದ್ ಮಾಡುವ ವಾಲ್ವ್ ಎಲ್ಲಿದೆಯೆಂಬುದು ನಿಮಗೆ ಮೊದಲೇ ಗೊತ್ತಿರಬೇಕು. ಯಂತ್ರದಿಂದ ಹೊರಬರುವ ಕೊಳಕು ನೀರಿನ ಪೈಪನ್ನು ಕಟ್ಟೆಯ ತಳಕ್ಕೆ ತಾಗುವಷ್ಟು ಮೇಲಕ್ಕೆ ಎತ್ತಿ, ಕಟ್ಟಿ, ಆಮೇಲೆ ಕೆಳಗಿಳಿಸಬೇಕು, ಇಲ್ಲವಾದರೆ ಸಿಂಕಿನ ನೀರು ಹಿಂದಿರುಗಿ ಯಂತ್ರದೊಳಕ್ಕೆ ಬರುತ್ತದೆ. ಆ ಪೈಪನ್ನು, ಸಿಂಕಿನಡಿಯಲ್ಲಿ ಆಹಾರದ ಚೂರುಗಳನ್ನು ಅರೆಯುವ ಹೊಸ ಡಿಸ್ಪೋಸರಿಗೆ ಸೇರಿಸುವುದಾದರೆ ಅದರ ಮೂತಿಯೊಳಗಿನ ಪ್ಲಾಸ್ಟಿಕ್ ಬಿರಡೆಯನ್ನು ಸ್ಕ್ರೂಡ್ರೈವರಿನಿಂದ ಬಡಿದು ತೆಗೆಯಬೇಕು. ಇದನ್ನು ಮರೆತು, ನೀರು ಹೋಗುತ್ತಿಲ್ಲವೆಂದು ಯಂತ್ರವನ್ನೇ ಹಿಂದಕ್ಕೆ ಕಳುಹಿಸಿದವರಿದ್ದಾರೆ.

ನಮ್ಮ ಅಡುಗೆಗೆ ಒಗ್ಗರಣೆಯಿಲ್ಲದೆ ನಡೆಯುವುದಿಲ್ಲ, ಹಾಗಾಗಿ ಚಿಮಣಿಯ ವಿಚಾರದಲ್ಲಿ ಎಚ್ಚರ ಬೇಕು. ಒಲೆಯ ಮೇಲೆ ತೂಗುವ ಮೈಕ್ರೋವೇವುಗಳಲ್ಲಿ ಹಲವು ಹೊಗೆಯನ್ನು ಇದ್ದಿಲ ಜಾಳಿಗೆಯ ಮೂಲಕ ಸೋಸಿ ಮತ್ತೆ ನಮ್ಮ ಮುಖಕ್ಕೇ ಊದುತ್ತವೆ. ಹೊರಕ್ಕೆ ಕೊಳವೆ ಇದೆಯೆಂದರೂ ಅದು ಸೂರಿನಡಿಯ ಅಟ್ಟದಲ್ಲೇ ಕೊನೆಗೊಂಡಿರಬಹುದು, ಟಾರ್ಚ್ ಹಿಡಿದು ಹತ್ತಿ ನೋಡಿ. ಹಾಗೆಂದು ಅತಿ ಬಲಶಾಲಿ ಚಿಮಣಿಯನ್ನೂ ತರಬೇಡಿ. ಅದು ಮನೆಯ ಗಾಳಿಯನ್ನು ಹೊರಕ್ಕೆಳೆಯುವ ರಭಸಕ್ಕೆ, ಗ್ಯಾಸ್ ಗೀಸರಿನ ಹೊಗೆ ತನ್ನ ಕೊಳವೆಯಲ್ಲಿ ಹೊರಹೋಗದೆ ಮನೆಯೊಳಕ್ಕೇ ಹಿಂತಿರುಗಬಹುದು, ಆ ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಇರಬಹುದು. ನಿಮಿಷಕ್ಕೆ 400 ಘನ ಅಡಿಗಿಂತ ಹೆಚ್ಚು ಎಳೆಯುವ ಚಿಮಣಿಗೆ ಹೊರಗಿನಿಂದ ಗಾಳಿ ಬರುವ ದಾರಿಯನ್ನೂ ಮಾಡಬೇಕೆಂದು ಇಲ್ಲಿನ ಅನೇಕ ಊರುಗಳ ನಿಯಮ ಹೇಳುವುದು ಇದೇ ಕಾರಣಕ್ಕೆ.

ಊರಿನಲ್ಲಿ ಬೀದಿಗೊಬ್ಬ ರಿಪೇರಿಯವನಿದ್ದ. ಗೋಡೆಯೊಳಗೆ ವೈರು ಎಲ್ಲಿ ತಿರುಗಿದೆಯೆಂದು ಅವನಿಗೆ ಗೊತ್ತಿತ್ತು, ಏಕೆಂದರೆ ಅದನ್ನು ಎಳೆದವನು ಅವನೇ, ಇಲ್ಲವೇ ಅವನಿಗೆ ಕೆಲಸ ಕಲಿಸಿದವನು. ಇಲ್ಲಿ ನಾವು ಕಳೆದುಕೊಂಡಿರುವುದು ಅಗ್ಗದ ಕೂಲಿ ಎಂದುಕೊಳ್ಳುತ್ತೇವೆ, ಆದರೆ ನನಗೆ ಹೆಚ್ಚಾಗಿ ಕಾಡುವುದು ನಮ್ಮ ಮನೆಯನ್ನು ಬಲ್ಲ ಆ ಮನುಷ್ಯ. ಟಾರ್ಚ್ ಹಿಡಿದು ನಿಂತ ಮಗಳು ಒಮ್ಮೆ, ‘ಅಪ್ಪಾ, ತಾತನಿಗೂ ಇದೆಲ್ಲ ಬರ್ತಿತ್ತಾ?’ ಎಂದು ಕೇಳಿದಳು. ನಮ್ಮ ತಂದೆ ಒಂದು ಸ್ಕ್ರೂ ತಿರುಗಿಸಿದ್ದನ್ನು ನಾನು ನೋಡಿಲ್ಲ, ಕೈ ಕೊಳೆಯಾಗುವ ಕೆಲಸ ಬೇರೆಯವರದು ಎಂದುಕೊಂಡೇ ಬೆಳೆದ ಮನೆ ನಮ್ಮದು. ಅವಳಿಗೆ ಆ ಸಂಕೋಚವಿಲ್ಲ. ಯಾವ ನಟ್ಟಿಗೆ ಯಾವ ಸ್ಪ್ಯಾನರ್ ಎಂಬುದು ನನಗಿಂತ ಮೊದಲು ಅವಳಿಗೆ ತಿಳಿಯುತ್ತದೆ. ಇದು ನನಗೆ ಸಂತೋಷವೇ, ಸ್ವಲ್ಪ ನಾಚಿಕೆಯೂ ಹೌದು.

ಪರವಾನಗಿ ಬೇಕೋ ಬೇಡವೋ ಎಂಬುದನ್ನು ನಿಮ್ಮ ಊರಿನ ಕಟ್ಟಡ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಗ್ಯಾಸ್ ಒಲೆಯಾದರೆ ಹಳೆಯ ಬಳುಕುವ ಕೊಳವೆಯನ್ನು ಮತ್ತೆ ಬಳಸದೆ ಹೊಸದನ್ನೇ ಹಾಕಿ, ಸೇರುವ ಜಾಗಕ್ಕೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ವಾಸನೆ ಬಂದರೆ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಹೋಗಿ, ಅಲ್ಲಿಂದ ಫೋನ್ ಮಾಡಬೇಕು. ಒಲೆಯ ಜೊತೆ ಬರುವ, ಅದು ಮುಂದಕ್ಕೆ ಮಗುಚದಂತೆ ತಡೆಯುವ ಕಬ್ಬಿಣದ ತುಂಡನ್ನು ಪೆಟ್ಟಿಗೆಯೊಂದಿಗೆ ಎಸೆಯಬೇಡಿ. ತೆರೆದ ಓವನ್ ಬಾಗಿಲ ಮೇಲೆ ಮಗು ಹತ್ತಿದರೆ ಒಲೆಯನ್ನು ಹಿಡಿದು ನಿಲ್ಲಿಸುವುದು ಅದೊಂದೇ.

ಕೆಲಸ ಮುಗಿದ ಮೇಲೆ ಡಿಶ್‌ವಾಶರಿನ ಕೆಳಗಿನ ಪಟ್ಟಿಯನ್ನು ಆ ದಿನವೇ ತಿರುಪು ಹಾಕಿ ಮುಚ್ಚಬೇಡಿ. ಅಡಿಯಲ್ಲಿ ಒಣ ಕಾಗದದ ಟವೆಲ್ ಹಾಸಿ, ಒಂದು ವಾರ ಪ್ರತಿ ಸಲ ಪಾತ್ರೆ ತೊಳೆದಾದ ಮೇಲೆ ಬಗ್ಗಿ ನೋಡಿ, ಕಾಗದ ಒದ್ದೆಯಾಗದಿದ್ದರೆ ಆಗ ಮುಚ್ಚಿ.