ಟರಾಂಟುಲಾಗೆ ಗಾಯವಾದಾಗ, ಹುಷಾರು ತಪ್ಪಿದಾಗ ನಾನು ಮಾಡುವುದು

ನಾವು ಡಬ್ಬಿಯಲ್ಲಿ ಸಾಕುವ ದೊಡ್ಡ ಕೂದಲಿನ ಜೇಡ, ಟರಾಂಟುಲಾ, ಕಾಲು ಮಡಚುವುದು ಸ್ನಾಯುವಿನಿಂದ. ಚಾಚುವುದು ಮಾತ್ರ ಒಳಗಿನ ದ್ರವದ ಒತ್ತಡದಿಂದ. ಅದರ ಕಾಲಿನ ಎರಡು ಮುಖ್ಯ ಗಿಣ್ಣುಗಳಲ್ಲಿ ಚಾಚುವ ಸ್ನಾಯುವೇ ಇಲ್ಲ. ಮುಂಭಾಗದ ದೇಹ ಬಿಗಿದು ರಕ್ತವನ್ನು ಕಾಲಿಗೆ ನೂಕಿದಾಗಲೇ ಕಾಲು ನೆಟ್ಟಗಾಗುತ್ತದೆ. ದ್ರವ ಕಡಿಮೆಯಾಯಿತೋ, ಮಡಚುವ ಸ್ನಾಯುವಿನದೇ ಕೈಮೇಲಾಗಿ ಎಂಟೂ ಕಾಲುಗಳು ಮೈಯಡಿಗೆ ಮುದುಡಿಕೊಳ್ಳುತ್ತವೆ. ಹಾಗಾಗಿ ಜೇಡ ಮಂಕಾಗಿದೆ ಎಂದಾಗ ನಾನು ಮೊದಲು ನೋಡುವುದು ಎರಡೇ ವಿಷಯ: ದ್ರವ ಹೊರಗೆ ಸೋರುತ್ತಿದೆಯೇ, ಅಥವಾ ಒಳಗೆ ಹೋಗುತ್ತಿಲ್ಲವೇ? ಉಳಿದ ಪ್ರಶ್ನೆಗಳೆಲ್ಲ ಇವೆರಡಕ್ಕೆ ಉತ್ತರ ಸಿಕ್ಕ ಮೇಲೆ.

ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ಬೆನ್ನ ಮೇಲೆ ಮಲಗಿ ಕಾಲು ಮೇಲೆ ಮಾಡಿದ ಜೇಡ ಸಾಯುತ್ತಿಲ್ಲ, ಪೊರೆ ಬಿಡುತ್ತಿದೆ. ಕೆಲವು ಪಕ್ಕಕ್ಕೆ ಒರಗಿಯೂ ಬಿಡುತ್ತವೆ. ಪಾಪ, ಬಿದ್ದುಬಿಟ್ಟಿದೆ ಎಂದು ಅದನ್ನು ತಿರುಗಿಸಿ ಕೂರಿಸುವವರಿದ್ದಾರೆ. ಆ ಹೊತ್ತಿನಲ್ಲಿ ಒಳಗಿನ ಹೊಸ ಚರ್ಮ ಕೆನೆಯಷ್ಟು ಮೆತ್ತಗಿರುತ್ತದೆ, ಒಂದು ಬೆರಳು ತಗುಲಿದರೂ ಹರಿಯಬಹುದು. ಮುಟ್ಟಬಾರದು, ನೀರು ಸಿಂಪಡಿಸಬಾರದು, ಡಬ್ಬಿಯನ್ನು ಅಲುಗಾಡಿಸಲೂ ಬಾರದು. ಒಳಗೆ ಆಹಾರದ ಹುಳುವೇನಾದರೂ ಉಳಿದಿದ್ದರೆ ಅದನ್ನು ಮಾತ್ರ ಮೆಲ್ಲಗೆ ತೆಗೆಯಬೇಕು, ಯಾಕೆಂದರೆ ಜೀರುಂಡೆ ಆ ಮೆತ್ತನೆಯ ಮೈಯನ್ನು ಕಚ್ಚಿ ತಿನ್ನುತ್ತದೆ. ಅಪಾಯದ ಭಂಗಿ ಬೇರೆಯೇ: ಜೇಡ ನೆಟ್ಟಗೇ ಕೂತಿರುತ್ತದೆ, ಕಾಲುಗಳು ಮಾತ್ರ ಮುಷ್ಟಿ ಹಿಡಿದ ಹಾಗೆ ಒಳಕ್ಕೆ ಮಡಚಿರುತ್ತವೆ. ವಾರಗಟ್ಟಲೆ ಊಟ ಬಿಡುವುದು, ಹೊಟ್ಟೆಯ ಬೋಳು ಜಾಗ ಕಪ್ಪಾಗಿ ಮಿರುಗುವುದು, ಬಿಲದ ಬಾಯಿ ಮುಚ್ಚಿಕೊಳ್ಳುವುದು, ಇವೂ ಕಾಯಿಲೆಯಲ್ಲ. ಪೊರೆ ಬಿಡುವ ಸಿದ್ಧತೆ ಅಷ್ಟೇ.

ಕಾಲು ಮುದುಡಿದೆ, ಗಾಯವಿಲ್ಲ, ಹೊಟ್ಟೆ ಸೊರಗಿ ಸುಕ್ಕುಗಟ್ಟಿದೆ ಎಂದರೆ ನೀರು ಸಾಲದಾಗಿದೆ. ಆಗ ಅಗಲವಾದ, ಆಳವಿಲ್ಲದ ಮುಚ್ಚಳ ತೆಗೆದುಕೊಂಡು 3-4 ಮಿಲಿಮೀಟರ್ ನೀರು ಹಾಕುತ್ತೇನೆ. ಜೇಡದ ಮುಂಭಾಗ ಮುಚ್ಚಳದ ಅಂಚಿನ ಮೇಲೆ ಬಾಗಿ, ಕೋರೆಗಳ ಬುಡ ನೀರಿಗೆ ತಾಗುವ ಹಾಗೆ ಕೂರಿಸುತ್ತೇನೆ. ಬಾಯಿ ಇರುವುದು ಕೋರೆಗಳ ಹಿಂದೆ, ಕೆಳಗೆ. ಹೊಟ್ಟೆ ಮಾತ್ರ ಕಡ್ಡಾಯವಾಗಿ ನೀರಿನ ಹೊರಗೆ, ಸ್ವಲ್ಪ ಎತ್ತರದಲ್ಲಿರಬೇಕು. ಪುಸ್ತಕದ ಹಾಳೆಗಳಂತೆ ಪದರಪದರವಾಗಿರುವ ನಾಲ್ಕು ಶ್ವಾಸಕೋಶಗಳು ಹೊಟ್ಟೆಯ ತಳದಲ್ಲಿವೆ. ತಿರುವಿ ನೋಡಿದರೆ ಎರಡು ಜೊತೆ ಮಾಸಲು ಚೌಕಗಳಂತೆ ಕಾಣುತ್ತವೆ. ಅವು ಮುಳುಗಿದರೆ ಉಸಿರುಗಟ್ಟುತ್ತದೆ. ಅರ್ಧ ಗಂಟೆ ಹಾಗೇ ಬಿಟ್ಟು, ಬದಲಾವಣೆ ಕಾಣದಿದ್ದರೆ ಡ್ರಾಪರ್‌ನಿಂದ ಕೋರೆಗಳ ನಡುವೆ ಒಂದೊಂದೇ ಹನಿ ಬಿಡುತ್ತೇನೆ. ಟಾರ್ಚ್ ಹಿಡಿದು ಹತ್ತಿರದಿಂದ ನೋಡಿದರೆ ಹನಿ ಒಂದು ಕ್ಷಣ ಕೂದಲ ಮೇಲೆ ಗುಂಡಗೆ ನಿಂತು, ಆಮೇಲೆ ಒಳಕ್ಕೆ ಇಳಿದು ಸಣ್ಣದಾಗುತ್ತ ಹೋಗುತ್ತದೆ. ಹಾಗಾದರೆ ಅದು ಕುಡಿಯುತ್ತಿದೆ. ಕೆಲವೇ ಗಂಟೆಗಳಲ್ಲಿ ಮುಂಗಾಲುಗಳ ಬಿಗಿ ಸಡಿಲವಾಗುತ್ತದೆ. ಸಾದಾ ನೀರೇ ಸಾಕು. ಸಕ್ಕರೆ, ಜೇನು, ಗ್ಲೂಕೋಸ್ ಯಾವುದೂ ಬೇಡ. ಅಂಟಾಗುತ್ತದೆ, ಬೂಸಲು ಬರುತ್ತದೆ.

ಒದ್ದೆ ಟಿಶ್ಯೂ ಹಾಸಿ, ಬಿಗಿಯಾಗಿ ಮುಚ್ಚಿ, ಬೆಚ್ಚಗಿಟ್ಟ ಡಬ್ಬಿಯನ್ನು "ಐಸಿಯು" ಎಂದು ಕರೆದು, ಯಾವ ಜೇಡಕ್ಕೆ ಏನಾದರೂ ಅದರೊಳಗೆ ಹಾಕುವ ರೂಢಿ ಇದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ತೇವದ ಗಾಳಿಯಿಂದ ಮೈಯೊಳಗೆ ನೀರು ಸೇರುವುದಿಲ್ಲ, ಬಾಯಿಂದ ಕುಡಿದರಷ್ಟೇ ಸೇರುತ್ತದೆ. ಗಾಳಿಯಾಡದ ಬಿಸಿ ಡಬ್ಬಿಯಲ್ಲಿ ಗಾಯಕ್ಕೆ ಬೂಸಲು ಹಿಡಿಯುವುದೇ ಹೆಚ್ಚು. ನಾನು ಬಳಸುವ ಡಬ್ಬಿಯ ನಾಲ್ಕೂ ಬದಿಗೆ ತೂತುಗಳಿರುತ್ತವೆ. ಒಣ ಬಿಳಿ ಟಿಶ್ಯೂ ಹಾಸು, ಒಂದು ಮೂಲೆಯಲ್ಲಿ ನೀರಿನ ಬಟ್ಟಲು, ಇನ್ನೊಂದು ಕಡೆ ಮರೆಯಾಗಲು ಒಂದು ತುಂಡು ತೊಗಟೆ. ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಕತ್ತಲೆ ಕೋಣೆ. ಅಡಿಯಲ್ಲಿ ಹೀಟ್ ಮ್ಯಾಟ್ ಇಡುವುದಿಲ್ಲ. ತಳದಿಂದ ಬರುವ ಬಿಸಿ ಹೊಟ್ಟೆಯನ್ನೇ ಮೊದಲು ಒಣಗಿಸುತ್ತದೆ.

ಟಿಶ್ಯೂ ಬಿಳಿಯದೇ ಆಗಬೇಕೆನ್ನಲು ಕಾರಣವಿದೆ. ಟರಾಂಟುಲಾದ ರಕ್ತ ಕೆಂಪಲ್ಲ. ಅದರಲ್ಲಿ ಆಮ್ಲಜನಕ ಹೊರುವುದು ತಾಮ್ರವಿರುವ ಹೀಮೋಸಯನಿನ್, ಹಾಗಾಗಿ ಬಣ್ಣವಿಲ್ಲದ ಅಥವಾ ತೆಳು ನೀಲಿಯ ದ್ರವವಾಗಿ ಕಾಣುತ್ತದೆ. ಕಪ್ಪು ಮಣ್ಣಿನ ಮೇಲೆ, ಕೂದಲ ನಡುವೆ ಅದು ಸೋರುತ್ತಿರುವುದು ಗೊತ್ತೇ ಆಗುವುದಿಲ್ಲ. ಬಿಳಿ ಹಾಸಿನ ಮೇಲೆ ಹತ್ತು ನಿಮಿಷ ಬಿಟ್ಟರೆ ಒದ್ದೆ ಚುಕ್ಕೆಗಳು ಎಲ್ಲಿ ಬಿದ್ದಿವೆ, ಹೆಚ್ಚುತ್ತಿವೆಯೋ ನಿಂತವೋ ಎಲ್ಲ ಸ್ಪಷ್ಟವಾಗುತ್ತದೆ.

ಗಾಯಗಳಲ್ಲಿ ಅತಿ ಕೆಟ್ಟದ್ದು ಹೊಟ್ಟೆಯದು. ಎತ್ತರದಿಂದ ಬಿದ್ದಾಗ ಆಗುವಂಥದ್ದು. ಹೊಟ್ಟೆಯ ಹೊದಿಕೆ ತೆಳು, ಒಳಗಡೆ ಒತ್ತಡ. ನೀರು ತುಂಬಿದ ಬಲೂನಿನ ಹಾಗೆ ಅದು ಒಡೆಯುತ್ತದೆ. ನೆಲವಾಸಿ ಜಾತಿಗಳ ಡಬ್ಬಿಯಲ್ಲಿ ಮಣ್ಣಿನಿಂದ ಮುಚ್ಚಳಕ್ಕೆ ಇರುವ ಎತ್ತರ, ಕಾಲು ಚಾಚಿದ ಜೇಡದ ಅಗಲದ ಒಂದೂವರೆ ಪಟ್ಟಿಗಿಂತ ಹೆಚ್ಚಾಗಬಾರದು ಎನ್ನುವ ಲೆಕ್ಕ ಬಂದದ್ದು ಇದೇ ಕಾರಣಕ್ಕೆ. ಕೈಮೇಲೆ ಬಿಟ್ಟುಕೊಂಡು ನಿಲ್ಲುವುದನ್ನು ನಾನು ಒಪ್ಪದಿರುವುದೂ ಇದಕ್ಕೇ. ಎದೆಯೆತ್ತರದಿಂದ ಬಿದ್ದ ದೊಡ್ಡ ಜೇಡವನ್ನು ಉಳಿಸಿಕೊಳ್ಳುವುದು ಕಷ್ಟ.

ಇದಕ್ಕೆ ಬೇಕಾದ ಸಾಮಾನು ಮೊದಲೇ ಒಂದು ಡಬ್ಬಿಯಲ್ಲಿರಬೇಕು, ಗಾಯವಾದ ಮೇಲೆ ಹುಡುಕಲು ಸಮಯವಿರುವುದಿಲ್ಲ: ಬಿಳಿ ಟಿಶ್ಯೂ, ಹತ್ತಿ ಕಡ್ಡಿ, ಕಾರ್ನ್ ಫ್ಲೋರ್, ಹೊಸ ಸೂಪರ್ ಗ್ಲೂ ಟ್ಯೂಬು, ಟೂತ್‌ಪಿಕ್, ಮೆತ್ತನೆಯ ಚಿತ್ರಕಲೆಯ ಬ್ರಷ್, 25-30 ಸೆಂಟಿಮೀಟರ್ ಉದ್ದದ ಚಿಮಟ, ಪಾರದರ್ಶಕ ಡಬ್ಬಿ, ಒಂದು ದಪ್ಪ ರಟ್ಟು, ಕೈಗವಸು, ಕಣ್ಣಿಗೆ ಮುಚ್ಚಿದ ಕನ್ನಡಕ. ಕನ್ನಡಕ ಅಲಂಕಾರಕ್ಕಲ್ಲ. ಅಮೆರಿಕ ಖಂಡಗಳ ಬಹುತೇಕ ಜಾತಿಗಳು ಹೊಟ್ಟೆಯ ಕೂದಲನ್ನು ಕಾಲಿನಿಂದ ಕೆರೆದು ಹಾರಿಸುತ್ತವೆ. ಆ ಮುಳ್ಳುಕೂದಲು ಕಣ್ಣಿನ ಪಾರದರ್ಶಕ ಪಟಲಕ್ಕೆ ಚುಚ್ಚಿಕೊಂಡರೆ ಕಣ್ಣಿನ ವೈದ್ಯರ ಬಳಿಗೇ ಹೋಗಬೇಕಾಗುತ್ತದೆ. ಏಷ್ಯಾ, ಆಫ್ರಿಕಾದ ಜಾತಿಗಳಿಗೆ ಈ ಕೂದಲಿಲ್ಲ, ಆದರೆ ಕಚ್ಚುತ್ತವೆ. ಭಾರತ, ಶ್ರೀಲಂಕಾದ ಮರವಾಸಿ ಟರಾಂಟುಲಾಗಳಾದ ಪೀಸಿಲೋಥೀರಿಯಾ ಕಚ್ಚಿದರೆ ಸ್ನಾಯು ಸೆಳೆತ ದಿನಗಟ್ಟಲೆ ಕಾಡುತ್ತದೆ. ಇಂಥವುಗಳಿಗೆ ಶಕ್ತಿ ಇನ್ನೂ ಉಳಿದಿದ್ದರೆ ನಾನು ಮನೆಯಲ್ಲಿ ಕೈ ಹಾಕುವುದಿಲ್ಲ. ಐಸೊಫ್ಲುರೇನ್ ಅರಿವಳಿಕೆ ಕೊಡಬಲ್ಲ ಪಶುವೈದ್ಯರಿಗೆ ಒಪ್ಪಿಸುವುದೇ ಸರಿ. ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ ಹಿಡಿಯುವ ಉಪಾಯ ಕೆಲವರು ಹೇಳುತ್ತಾರೆ. ರಕ್ತ ಕಳೆದುಕೊಂಡ ಪ್ರಾಣಿಗೆ ಅದರ ಮೇಲೆ ಚಳಿಯ ಪೆಟ್ಟನ್ನೂ ಕೊಡಲು ನನಗೆ ಮನಸ್ಸಿಲ್ಲ.

ಸೋರುವಿಕೆ ನಿಲ್ಲಿಸುವುದು ಹೀಗೆ. ಟಿಶ್ಯೂವಿನ ಮೂಲೆಯನ್ನು ಬತ್ತಿಯಂತೆ ಹೊಸೆದು ಗಾಯಕ್ಕೆ ತಾಗಿಸಿ ದ್ರವ ಹೀರಿಸುತ್ತೇನೆ. ಒರೆಸುವುದಿಲ್ಲ, ಒರೆಸಿದರೆ ಗಾಯದ ಬಾಯಿ ಇನ್ನಷ್ಟು ಹರಿಯುತ್ತದೆ. ಬ್ರಷ್ ತುದಿಯಿಂದ ಚಿಟಿಕೆ ಕಾರ್ನ್ ಫ್ಲೋರ್ ಉದುರಿಸಿ ಎರಡು ಮೂರು ನಿಮಿಷ ಕಾಯುತ್ತೇನೆ. ಹಿಟ್ಟು ಹೆಪ್ಪಾಗಿ ಗಟ್ಟಿಯಾಗಿ ನಿಂತರೆ ಕೆಲಸ ಮುಗಿಯಿತು, ಮತ್ತೆ ಕೆದಕಬಾರದು. ಹಿಟ್ಟನ್ನೂ ದಾಟಿ ದ್ರವ ಒಸರುತ್ತಿದ್ದರೆ ಗ್ಲೂ ಬೇಕು. ಟ್ಯೂಬಿನಿಂದ ನೇರವಾಗಿ ಹಿಂಡಿದರೆ ಹನಿ ಹರಿದು ಕಾಲಿಗೂ ಹೊಟ್ಟೆಗೂ ಅಂಟುತ್ತದೆ. ಒಂದು ರಟ್ಟಿನ ಮೇಲೆ ಹನಿಸಿ, ಟೂತ್‌ಪಿಕ್ ತುದಿಗೆ ಸಾಸಿವೆ ಕಾಳಿಗಿಂತ ಕಡಿಮೆ ತೆಗೆದುಕೊಂಡು, ಇನ್ನೊಮ್ಮೆ ಬತ್ತಿಯಿಂದ ಹೀರಿಸಿ, ಮೇಲ್ಮೈ ಒಣಗಿ ಕಂಡ ಆ ಕ್ಷಣದಲ್ಲೇ ಗಾಯದ ಅಂಚಿನಿಂದ ಒಳಕ್ಕೆ ತಾಗಿಸಬೇಕು. ದ್ರವದ ಮೇಲೆ ಬಿದ್ದ ಗ್ಲೂ ಬೆಳ್ಳಗಾಗಿ, ಹಪ್ಪಳದಂತೆ ಎದ್ದು ಬರುತ್ತದೆ. ಅಂಟು ಹಿಡಿಯಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ. ದಪ್ಪವಾಗಿ ಒಂದು ಸಲ ಹಾಕುವುದಕ್ಕಿಂತ ತೆಳುವಾಗಿ ಎರಡು ಸಲ ಒಳ್ಳೆಯದು, ನಡುವೆ ಒಂದು ನಿಮಿಷ ಬಿಡುವು. ಕಿಟಕಿ ತೆರೆದಿರಲಿ, ಗ್ಲೂವಿನ ಆವಿ ಡಬ್ಬಿಯೊಳಗೆ ನಿಲ್ಲಬಾರದು. ಶ್ವಾಸಕೋಶದ ಸೀಳುಗಳು, ಹಿಂದಿನ ನೂಲುಗೊಂಡೆಗಳು, ಬಾಯಿ, ಗಿಣ್ಣುಗಳು, ಸೊಂಟದ ಸಣ್ಣ ಕೊಂಡಿ, ಇವುಗಳ ಹತ್ತಿರ ಗ್ಲೂ ಹೋಗಲೇಬಾರದು.

ಆಮೇಲೆ ಒಂದು ವಾರ ಊಟ ಕೊಡುವುದಿಲ್ಲ. ಹೊಟ್ಟೆ ತುಂಬಿದರೆ ಒತ್ತಡ ಏರಿ ಅಂಟು ಬಿಡುತ್ತದೆ. ನೀರು ಮಾತ್ರ ಸದಾ ಇರಲಿ. ಗ್ಲೂ ಇರುವುದು ಹಳೆಯ ಚರ್ಮದ ಮೇಲೆ, ಆದ್ದರಿಂದ ಮುಂದಿನ ಪೊರೆಯ ಜೊತೆ ಅದೂ ಹೋಗಬೇಕು. ಗಾಯ ಆಳವಾಗಿದ್ದರೆ ಆ ಜಾಗದಲ್ಲಿ ಹೊಸ ಚರ್ಮಕ್ಕೂ ಹಳೆಯದಕ್ಕೂ ಅಂಟಿಕೊಂಡಿರುವ ಭಯ ಉಂಟು. ಹಾಗಾಗಿ ಪೊರೆಯ ಲಕ್ಷಣ ಕಂಡಾಗ ನೀರಿನ ಬಟ್ಟಲು ತುಂಬಿಸಿಟ್ಟು, ದಿನಕ್ಕೆರಡು ಸಲ ದೂರದಿಂದಲೇ ನೋಡುತ್ತಿರುತ್ತೇನೆ.

ಕಾಲಿನ ಗಾಯ ಅಷ್ಟು ಭಯಂಕರವಲ್ಲ, ಯಾಕೆಂದರೆ ಟರಾಂಟುಲಾಗೆ ಕಾಲು ಕಳಚುವ ವ್ಯವಸ್ಥೆಯೇ ಇದೆ. ಮೈಗೆ ಸೇರಿದ ಕಾಲಿನ ಮೊದಲ ತುಂಡಿಗೂ ಅದರ ಮುಂದಿನ ಗಿಡ್ಡ ತುಂಡಿಗೂ ನಡುವೆ ಕಾಲು ಬೇರ್ಪಡುತ್ತದೆ, ಅಲ್ಲಿನ ತೆಳು ಪದರ ಸಂಕುಚಿಸಿ ರಕ್ತ ಬೇಗನೆ ನಿಲ್ಲುತ್ತದೆ. ಕಾಲಿನ ನಡುವೆ ಜಜ್ಜಿ ಸೋರುತ್ತಿದ್ದರೆ ಮೊದಲು ಹಿಟ್ಟು, ಆಮೇಲೆ ಗ್ಲೂ. ಎರಡಕ್ಕೂ ಬಗ್ಗದಿದ್ದರೆ ಮಾತ್ರ ಕಾಲು ಬಿಡಿಸುವುದು: ತೊಡೆಯಂಥ ದಪ್ಪ ಭಾಗವನ್ನು ಚಿಮಟದಿಂದ ಗಟ್ಟಿಯಾಗಿ ಹಿಡಿದು ಒಂದೇ ಸಲ ಚುರುಕಾಗಿ ಮೇಲಕ್ಕೆ ಜಗ್ಗಬೇಕು. ಮೆಲ್ಲಗೆ ಎಳೆಯುವುದು ದಯೆಯಲ್ಲ, ಅದು ಮಾಂಸ ಹರಿಯುತ್ತದೆ. ಒಣಗಿ ಜೋತಾಡುವ, ಸೋರದ ಕಾಲನ್ನು ಸುಮ್ಮನೆ ಬಿಡಬೇಕು. ಜೇಡವೇ ಕಳಚಿ ಎಷ್ಟೋ ಸಲ ಅದನ್ನು ತಿಂದುಬಿಡುತ್ತದೆ, ತಿನ್ನಲಿ. ಪೊರೆಗೆ ಸಾಕಷ್ಟು ಸಮಯವಿದ್ದರೆ ಮುಂದಿನ ಪೊರೆಯಲ್ಲೇ ತೆಳ್ಳಗಿನ ಪುಟ್ಟ ಕಾಲು ಬರುತ್ತದೆ, ಎರಡು ಮೂರು ಪೊರೆಗಳಲ್ಲಿ ಉಳಿದವುಗಳ ಸಮ ಆಗುತ್ತದೆ. ಮುಚ್ಚಳದ ಜಾಲರಿಗೆ ಉಗುರು ಸಿಕ್ಕಿಕೊಂಡಿದ್ದರೆ ಜೇಡವನ್ನು ಎಳೆಯದೆ ಜಾಲರಿಯನ್ನೇ ಕತ್ತರಿಸಿ ಬಿಡಿಸುತ್ತೇನೆ. ಆಮೇಲೆ ಆ ಮುಚ್ಚಳದ ಬದಲು ತೂತು ಕೊರೆದ ಅಕ್ರಿಲಿಕ್.

ಪೊರೆ ಅರ್ಧಕ್ಕೆ ಸಿಕ್ಕಿಕೊಂಡಾಗ ಕೈ ಹಾಕಬೇಕೋ ಬೇಡವೋ ಎನ್ನುವುದೇ ಕಷ್ಟ. ದೊಡ್ಡ ಜೇಡಕ್ಕೆ ಪೊರೆ ಬಿಡಲು ಹಲವು ಗಂಟೆ ಹಿಡಿಯುತ್ತದೆ, ನಡುನಡುವೆ ಅದು ದಣಿವಾರಿಸಿಕೊಳ್ಳುತ್ತದೆ. ಚೂರಾದರೂ ಚಲನೆ ಇರುವತನಕ ನಾನು ಮುಟ್ಟುವುದಿಲ್ಲ. ಬೆನ್ನಿನ ಚಿಪ್ಪು ಎದ್ದು, ಕಾಲುಗಳು ಒಳಗೇ ಉಳಿದು, ಹೊಸ ಚರ್ಮದ ಬಣ್ಣ ಗಾಢವಾಗುತ್ತಿದ್ದರೆ ಅದು ಗಟ್ಟಿಯಾಗುತ್ತಿದೆ ಎಂದರ್ಥ, ಇನ್ನು ಕಾಯುವಂತಿಲ್ಲ. ಬೆಚ್ಚಗಿನ ನೀರಿಗೆ ಕೆಲವು ಹನಿ ಗ್ಲಿಸರಿನ್ ಬೆರೆಸಿ, ಬ್ರಷ್‌ನಿಂದ ಹಳೆಯ ಪೊರೆಯ ಮೇಲೆ ಮಾತ್ರ ಸವರಿ, 15-20 ನಿಮಿಷ ನೆನೆಯಲು ಬಿಟ್ಟು, ಮೊಂಡು ಚಿಮಟದಿಂದ ಪೊರೆಯನ್ನು ಕಾಲಿನ ತುದಿಯತ್ತ ಸರಿಸುತ್ತೇನೆ. ಹಿಡಿಯುವುದು ಪೊರೆಯನ್ನೇ ಹೊರತು ಕಾಲನ್ನಲ್ಲ. ಒಂದು ಕಾಲಿನ ತುದಿ ಮಾತ್ರ ಉಳಿದಿದ್ದರೆ ಹಾಗೇ ಬಿಡುವುದು ಜಾಣತನ.

ಬಿಟ್ಟ ಪೊರೆಯನ್ನು ಎಸೆಯಬಾರದು. ನೀರಲ್ಲಿ ನೆನೆಸಿ ಬಿಡಿಸಿದರೆ ಕೋರೆಗಳ ಪೊರೆ ಎರಡೂ ಇವೆಯೇ, ನಡುವೆ ಹೀರುವ ಜಠರದ ತೆಳು ಒಳಪದರ ಬಂದಿದೆಯೇ ಕಾಣುತ್ತದೆ. ಅದು ಬಂದಿಲ್ಲವೆಂದರೆ ಗಂಟಲಲ್ಲೇ ಉಳಿದಿದೆ. ಬೇಟೆ ಹಿಡಿದು ಮತ್ತೆ ಮತ್ತೆ ಕೆಳಗೆ ಹಾಕುವ ಜೇಡಕ್ಕೆ ಇದೇ ಕಾರಣವಿರಬಹುದು. ಮನೆಯಲ್ಲಿ ಅದಕ್ಕೆ ಉಪಾಯವಿಲ್ಲ. ಕೋರೆ ಒಂದು ಹೋದರೆ ಚಿಂತೆಯಿಲ್ಲ. ಎರಡೂ ಮುರಿದಿದ್ದರೆ ಜಿರಳೆಯ ಹೊಟ್ಟೆ ಜಜ್ಜಿ ಸಣ್ಣ ಮುಚ್ಚಳದಲ್ಲಿ ರಾತ್ರಿ ಬಾಯಿಯ ಹತ್ತಿರ ಇಟ್ಟು, ಬೆಳಿಗ್ಗೆ ತೆಗೆಯುತ್ತೇನೆ. ಮುಂದಿನ ಪೊರೆಗೆ ಹೊಸ ಕೋರೆ ಬರುತ್ತದೆ.

ಇನ್ನು ಗುಣವಾಗದ್ದೂ ಇದೆ. ಬಾಯಿಯ ಸುತ್ತ ಬಿಳಿ ಕೆನೆಯಂಥದ್ದು ಕೂತು, ಕೆಟ್ಟ ವಾಸನೆ ಬಂದು, ಊಟ ಬಿಟ್ಟು ಜೇಡ ತುದಿಗಾಲಲ್ಲಿ ನಿಂತಿದ್ದರೆ ಜಂತುಹುಳುವಿನ ಗುಮಾನಿ. ಹತ್ತಿ ಕಡ್ಡಿಯಿಂದ ಒಂದಿಷ್ಟು ತೆಗೆದು ನೀರಿನ ಹನಿಗೆ ಹಾಕಿ ಭೂತಗನ್ನಡಿ ಹಿಡಿದರೆ ನೂಲಿನ ಎಳೆಗಳಂತೆ ನುಲಿಯುತ್ತವೆ. ಇಂಥ ಒಂದು ಹುಳುವನ್ನು 2022ರಲ್ಲಿ ಟರಾಂಟೊಬೆಲಸ್ ಜೆಫ್‌ಡೇನಿಯಲ್ಸಿ ಎಂದು ಹೆಸರಿಸಲಾಯಿತು. ಅದು ಬಾಯಿಯ ಭಾಗದಲ್ಲಿದ್ದುಕೊಂಡು ಜೇಡವನ್ನು ಉಪವಾಸ ಕೊಲ್ಲುತ್ತದೆ. ನಂಬಬಹುದಾದ ಔಷಧಿ ಇಲ್ಲ. ಆ ಜೇಡವನ್ನು ಬೇರೆ ಕೋಣೆಗೆ ಒಯ್ದು, ಅದರ ಚಿಮಟ, ಬಟ್ಟಲು ಬೇರೆಯೇ ಇಟ್ಟು, ಕೊನೆಯಲ್ಲಿ ಅದನ್ನು ಮುಟ್ಟಿ ಕೈ ತೊಳೆಯುತ್ತೇನೆ. ಡಬ್ಬಿಗಳ ಸುತ್ತ ಓಡಾಡುವ ಪುಟ್ಟ ಗೂನುಬೆನ್ನಿನ ನೊಣಗಳು ಹುಳುವನ್ನು ಹರಡಬಹುದು ಎಂಬ ಅನುಮಾನದಿಂದ ಅವನ್ನು ಅಂಟುಕಾಗದದಿಂದ ಹಿಡಿಯುತ್ತೇನೆ.

ಕಾಲುಗಳು ಹೇಳಿದ ಮಾತು ಕೇಳದೆ ಜರ್ಕು ಹೊಡೆಯುತ್ತಿದ್ದರೆ, ನಡೆಯುವಾಗ ತನ್ನ ಕಾಲನ್ನು ತಾನೇ ತುಳಿಯುತ್ತಿದ್ದರೆ ಸಾಕುವವರು ಅದನ್ನು ಡಿಕೆಎಸ್ (ಡಿಸ್‌ಕೈನೆಟಿಕ್ ಸಿಂಡ್ರೋಮ್, ಅಂದರೆ ಚಲನೆಯ ಹಿಡಿತ ತಪ್ಪುವುದು) ಎನ್ನುತ್ತಾರೆ. ಅದು ರೋಗದ ಹೆಸರಲ್ಲ, ಲಕ್ಷಣದ ಹೆಸರು. ಮೊದಲ ಅನುಮಾನ ಕೀಟನಾಶಕದ ಮೇಲೆ: ಸೊಳ್ಳೆ ಸ್ಪ್ರೇ, ನಾಯಿ ಬೆಕ್ಕುಗಳ ಚಿಗಟದ ಔಷಧಿ, ಔಷಧಿ ಹೊಡೆದ ಜಾಗದಲ್ಲಿ ಹಿಡಿದ ಹುಳು. ಮಣ್ಣು, ಬಟ್ಟಲು, ಡಬ್ಬಿ, ಹುಳು ಎಲ್ಲ ಬದಲಿಸಿ, ಗಾಳಿಯಾಡುವ ಜಾಗದಲ್ಲಿ ನೀರಿನ ಜೊತೆ ಬಿಡುವುದಷ್ಟೇ ನಮ್ಮ ಕೈಯಲ್ಲಿರುವುದು. ಸ್ವಲ್ಪವೇ ತಗುಲಿದ್ದರೆ ಚೇತರಿಸಿಕೊಳ್ಳಬಹುದು.

ಗಂಡು ಜೇಡದ ವಿಷಯದಲ್ಲಿ ಒಂದು ಮಾತು. ಕೊನೆಯ ಪೊರೆ ಬಿಟ್ಟು ಬಾಯಿ ಪಕ್ಕದ ಪುಟ್ಟ ಕಾಲುಗಳ ತುದಿ ಗುಂಡಗೆ ಉಬ್ಬಿದ ಗಂಡು ಊಟ ಬಿಟ್ಟು, ಸೊರಗಿ, ನಡಿಗೆ ತಪ್ಪಿದರೆ ಅದು ವಯಸ್ಸು. ಹೆಣ್ಣು ಇಪ್ಪತ್ತು ವರ್ಷ ಬದುಕುವ ಜಾತಿಯಲ್ಲೂ ಅದಕ್ಕೆ ಉಳಿದಿರುವುದು ಸಾಮಾನ್ಯವಾಗಿ ಒಂದೆರಡು ವರ್ಷ. ಅದಕ್ಕೆ ಚಿಕಿತ್ಸೆ ಹುಡುಕದೆ ನೀರು ಕೈಗೆಟುಕುವ ಹಾಗೆ ಇಡುತ್ತೇನೆ.

ಸತ್ತಿದೆ ಎಂದು ತೀರ್ಮಾನಿಸಲು ನಾನು ಆತುರಪಡುವುದಿಲ್ಲ. ಮುದುಡಿ ಅಲುಗಾಡದೆ ಬಿದ್ದದ್ದನ್ನೂ ನೀರಿನ ಅಂಚಿನಲ್ಲಿ ಕೂರಿಸಿ ಎರಡು ದಿನ ಇಡುತ್ತೇನೆ. ಬ್ರಷ್‌ನಿಂದ ಕಾಲು ಬಿಡಿಸಿ ಬಿಟ್ಟಾಗ ಅದು ತಾನಾಗಿ ಮೆಲ್ಲಗೆ ಮತ್ತೆ ಮಡಚಿಕೊಂಡರೆ ಇನ್ನೂ ಹನಿ ಹಾಕುತ್ತಿರುತ್ತೇನೆ. ಬಿಟ್ಟಲ್ಲೇ ಜೋತುಬಿದ್ದು, ಡಬ್ಬಿ ತೆರೆದಾಗ ವಾಸನೆ ಬಂದರೆ ಆಗ ನಿಲ್ಲಿಸುತ್ತೇನೆ.