ಕೆಚ್ಚಲು ಬಾವಿಗೆ ಹೋಮಿಯೋಪತಿ: ಗುಳಿಗೆ ಡಬ್ಬಿ ತೆಗೆಯುವ ಮುನ್ನ

ಬೆಳಿಗ್ಗೆ ಹಾಲು ಕರೆಯಲು ಕೂತರೆ ಹಸು ಕಾಲು ಝಾಡಿಸುತ್ತದೆ. ಒಂದು ಮೊಲೆ ಮುಟ್ಟಿದರೆ ಬಿಸಿ, ಮೇಲೆ ಕೆಚ್ಚಲು ಗಟ್ಟಿ. ಮೊದಲ ಧಾರೆಯಲ್ಲೇ ಮೊಸರಿನ ಚೂರಿನಂಥ ಗರಣೆ ಬೀಳುತ್ತದೆ. ಕೆಚ್ಚಲು ಬಾವು ಬಂದಿದೆ ಅನ್ನುವುದಕ್ಕೆ ಇಷ್ಟು ಸಾಕು. ಈಗ ಹಲವು ಮನೆಗಳಲ್ಲಿ ಮೊದಲು ಕೈಗೆ ಬರುವುದು ಹೋಮಿಯೋಪತಿ ಸಿಹಿ ಗುಳಿಗೆಯ ಡಬ್ಬಿ. ಬೆಲೆ ಕಡಿಮೆ, ಸೂಜಿ ಇಲ್ಲ, ಡೇರಿಗೆ ಹಾಲು ಹಾಕುವುದನ್ನು ನಿಲ್ಲಿಸಬೇಕಾಗಿಲ್ಲ ಅನ್ನುವ ನಂಬಿಕೆ ಬೇರೆ. ಆದರೆ ಕೆಚ್ಚಲು ಬಾವಿನಲ್ಲಿ ಕಳೆದುಹೋಗುವುದು ಸಮಯ. ಗುಳಿಗೆ ಕೊಟ್ಟು ಎರಡು ದಿನ ಕಾದು ನೋಡಿದ ಹಸುವಿನ ಆ ಮೊಲೆ ಮತ್ತೆ ಹಾಲು ಕೊಡದೇ ಹೋಗಬಹುದು.

ಮೊದಲು ಹಸು, ಆಮೇಲೆ ಕೆಚ್ಚಲು

ಹಸು ಮೇವು ಬಿಟ್ಟಿದೆಯೇ, ಮೆಲುಕು ಹಾಕುತ್ತಿದೆಯೇ, ನೋಡಿ. ಥರ್ಮಾಮೀಟರಿಗೆ ಸ್ವಲ್ಪ ಎಣ್ಣೆ ಸವರಿ ಗುದದ್ವಾರದಲ್ಲಿ ಎರಡು ನಿಮಿಷ ಇಡಿ. ತುದಿ ಒಳಗೋಡೆಗೆ ತಾಗಿರಬೇಕು. ಸಗಣಿಯೊಳಗೆ ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆ. 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಸಹಜ. 103 ದಾಟಿದ್ದರೆ, ಹಾಲು ನೀರಿನಂತೆ ಅಥವಾ ರಕ್ತ ಬೆರೆತು ಬರುತ್ತಿದ್ದರೆ, ಹಸು ಏಳದಿದ್ದರೆ, ಮೊಲೆ ನೀಲಿಗಟ್ಟಿ ತಣ್ಣಗಾಗಿದ್ದರೆ ಯಾವ ಗುಳಿಗೆಗೂ ಕಾಯಬೇಡಿ. ಪಶುವೈದ್ಯರಿಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಇ. ಕೋಲಿ ಬ್ಯಾಕ್ಟೀರಿಯಾದಿಂದ ಬರುವ ಬಾವು ವಿಷವೇರಿಸಿ, ಒಂದೆರಡು ದಿನದಲ್ಲೇ ಹಸುವಿನ ಜೀವ ತೆಗೆಯಬಲ್ಲದು. ಜ್ವರ ಏರಿದ್ದ ಹಸುವಿನ ಮೈ ಇದ್ದಕ್ಕಿದ್ದಂತೆ ತಣ್ಣಗಾಗಿ, ಕಿವಿ ಮುಟ್ಟಿದರೆ ತಂಪು ಹತ್ತಿದರೆ ವಾಸಿಯಾಯಿತು ಅಂದುಕೊಳ್ಳಬೇಡಿ. ಅದು ಇನ್ನೂ ಕೆಟ್ಟ ಸೂಚನೆ.

ಯಾವ ಮೊಲೆ, ಎಷ್ಟು ಕೆಟ್ಟಿದೆ

ಕೆಚ್ಚಲಿನ ನಾಲ್ಕು ಭಾಗಗಳೂ ಗೋಡೆ ಎತ್ತಿದ ನಾಲ್ಕು ಕೋಣೆಗಳಿದ್ದಂತೆ, ಒಂದರ ಹಾಲು ಇನ್ನೊಂದಕ್ಕೆ ಹೋಗುವುದಿಲ್ಲ. ಹಾಗಾಗಿ ನಾಲ್ಕನ್ನೂ ಬೇರೆಬೇರೆ ಪರೀಕ್ಷಿಸಬೇಕು. ಮೊದಲ ಮೂರು ನಾಲ್ಕು ಧಾರೆಯನ್ನು ಕಪ್ಪು ತಟ್ಟೆಯ ಮೇಲೆ ಹಿಂಡಿ; ಬಿಳಿ ಗರಣೆ ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಕಣ್ಣಿಗೆ ಕಾಣದ ಬಾವಿಗೆ ನಾಲ್ಕು ಬಟ್ಟಲಿನ ಪ್ಯಾಡಲ್ ಇರುವ ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್, ಅಂದರೆ ಕೆಚ್ಚಲು ಬಾವಿನ ಪರೀಕ್ಷೆ) ಕಿಟ್ ಒಳ್ಳೆಯದು. ಅದು ಇಲ್ಲದಿದ್ದರೆ 100 ಮಿಲಿ ನೀರಿಗೆ 3 ಗ್ರಾಂ ಬಟ್ಟೆ ತೊಳೆಯುವ ಪುಡಿ ಕರಗಿಸಿಕೊಳ್ಳಿ. ಬಟ್ಟಲಿಗೆ ಎರಡು ಮೂರು ಮಿಲಿ ಹಾಲು, ಅಷ್ಟೇ ದ್ರಾವಣ ಹಾಕಿ ಹತ್ತು ಸೆಕೆಂಡು ಮೆಲ್ಲಗೆ ಸುತ್ತು ತಿರುಗಿಸಿ. ಒಳ್ಳೆಯ ಹಾಲು ನೀರಾಗಿಯೇ ಹರಿಯುತ್ತದೆ. ಬಾವಿರುವ ಹಾಲು ಲೋಳೆಯಾಗಿ, ಬಟ್ಟಲು ವಾಲಿಸಿದರೆ ಒಂದೇ ಮುದ್ದೆಯಾಗಿ ಜಾರುತ್ತದೆ. ರೋಗಾಣುವಿನೊಂದಿಗೆ ಹೋರಾಡಲು ಬಂದ ಬಿಳಿ ರಕ್ತಕಣಗಳನ್ನು ಸೋಪು ಒಡೆದು, ಅವುಗಳ ಡಿಎನ್‌ಎ ಹೊರಬಂದು ಆಗುವ ಲೋಳೆ ಅದು. ಕರು ಹಾಕಿದ ಮೊದಲ ವಾರ ಈ ಪರೀಕ್ಷೆ ನಂಬಬೇಡಿ. ಗಿಣ್ಣದಲ್ಲಿ ಕಣಗಳ ಸಂಖ್ಯೆ ಹೇಗೂ ಹೆಚ್ಚಿರುತ್ತದೆ.

ಔಷಧ ಯಾವುದೇ ಇರಲಿ, ಅದಕ್ಕೂ ಮೊದಲೇ ಹಾಲಿನ ಮಾದರಿ ತೆಗೆದಿಡಿ. ಮೊಲೆತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಧಾರೆಗಳನ್ನು ಬಿಟ್ಟು, ಕ್ರಿಮಿಶುದ್ಧ ಶೀಷೆಗೆ ಐದು ಹತ್ತು ಮಿಲಿ ಹಿಂಡಿ ಐಸ್ ಮೇಲಿಡಿ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಪ್ರಯೋಗಾಲಯದಲ್ಲಿ ತಿಳಿಯುವುದು ಇದರಿಂದಲೇ. ಪಶು ಆಸ್ಪತ್ರೆಯಲ್ಲಿ ಕೇಳಿದರೆ ಎಲ್ಲಿಗೆ ಕಳಿಸಬೇಕೆಂದು ಹೇಳುತ್ತಾರೆ.

ಹಿಂಡುವುದೇ ಅರ್ಧ ಮದ್ದು

ಬಾವಿರುವ ಭಾಗವನ್ನು ಎರಡು ಮೂರು ಗಂಟೆಗೊಮ್ಮೆ ಪೂರ್ತಿ ಹಿಂಡಿ ಬರಿದು ಮಾಡಿ. ಒಳಗೆ ಉಳಿದ ಹಾಲೇ ರೋಗಾಣುವಿಗೆ ಮೇವು. ಮುಷ್ಟಿ ಹಿಡಿದು ಹಿಂಡಬೇಕು. ಹೆಬ್ಬೆರಳು ಮಡಚಿ ಗಿಣ್ಣಿನಿಂದ ಒತ್ತಿದರೆ ಮೊಲೆಯ ಒಳಪದರ ಜಜ್ಜಿ ಬಾವು ಹೆಚ್ಚುತ್ತದೆ. ಹಿಂಡಿದ್ದನ್ನು ಕೊಟ್ಟಿಗೆ ನೆಲಕ್ಕೆ ಚೆಲ್ಲಬೇಡಿ, ಕರುವಿಗೂ ಕುಡಿಸಬೇಡಿ. ಪಾತ್ರೆಯಲ್ಲಿ ಹಿಡಿದು, ಬ್ಲೀಚಿಂಗ್ ಪುಡಿ ಹಾಕಿ, ದೂರ ಗುಂಡಿಯಲ್ಲಿ ಮುಚ್ಚಿ. ಆರೋಗ್ಯವಾಗಿರುವ ಹಸುಗಳನ್ನು ಮೊದಲು, ಬಾವಿನ ಹಸುವನ್ನು ಕೊನೆಗೆ ಕರೆಯಿರಿ. ಮೊಲೆಯೊಳಗೆ ಕಡ್ಡಿ, ಗರಿಕೆ ದಂಟು ತೂರಿಸಿ ‘ದಾರಿ ಬಿಡಿಸುವ’ ಅಭ್ಯಾಸ ಇನ್ನೂ ಕೆಲವು ಕಡೆ ಇದೆ. ಹೊರಗಿನ ಕೊಳೆಯನ್ನು ನಾವೇ ಒಳಗೆ ದಾಟಿಸಿದಂತೆ ಅದು, ದಯವಿಟ್ಟು ಬಿಡಿ.

ಹಿಂಡಿದ ಮೇಲೆ ಮೊಲೆಯ ರಂಧ್ರ ಅರ್ಧ ಮುಕ್ಕಾಲು ಗಂಟೆ ತೆರೆದೇ ಇರುತ್ತದೆ. ಅಯೋಡಿನ್ ದ್ರಾವಣದಲ್ಲಿ ಮೊಲೆ ಅದ್ದಿ, ಮುಂದೆ ಮೇವು ಹಾಕಿ ಹಸು ನಿಂತೇ ಇರುವಂತೆ ನೋಡಿಕೊಳ್ಳಿ.

ಇದರ ಜೊತೆಗೆ ಹಚ್ಚಲು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹೇಳಿಕೊಡುವ ಲೇಪವೊಂದಿದೆ: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ ಪುಡಿ, 15 ಗ್ರಾಂ ಸುಣ್ಣ. ಲೋಳೆಸರದ ಅಂಚಿನ ಮುಳ್ಳು ತೆಗೆದು ಮೂರನ್ನೂ ರುಬ್ಬಿದರೆ ಕೆಂಪಗಿನ ಮುದ್ದೆಯಾಗುತ್ತದೆ. ಒಂದು ಹಿಡಿಗೆ 150ರಿಂದ 200 ಮಿಲಿ ನೀರು ಸೇರಿಸಿ ತೆಳ್ಳಗೆ ಮಾಡಿ, ಕೆಚ್ಚಲು ತೊಳೆದು ಹಿಂಡಿದ ಮೇಲೆ ಇಡೀ ಕೆಚ್ಚಲಿಗೆ ಸವರಿ. ದಿನಕ್ಕೆ ಹತ್ತು ಸಲ, ಐದು ದಿನ; ಪ್ರತಿದಿನ ಹೊಸದಾಗಿ ರುಬ್ಬಬೇಕು. ಸುಣ್ಣ ಹೆಚ್ಚಾದರೆ ಚರ್ಮ ಸುಡುತ್ತದೆ, ಆದ್ದರಿಂದ ಕಣ್ಣಂದಾಜು ಬೇಡ, ತೂಕ ಮಾಡಿ.

ಗುಳಿಗೆಯ ವಿಷಯ

ಬಿಸಿಯಾಗಿ ಕೆಂಪೇರಿದ ಕೆಚ್ಚಲಿಗೆ ಬೆಲಡೋನ, ಗಡ್ಡೆಗಟ್ಟಿದ್ದಕ್ಕೆ ಫೈಟೋಲಕ್ಕ, ಪೆಟ್ಟು ಬಿದ್ದು ಊದಿದ್ದರೆ ಆರ್ನಿಕ: ಹೋಮಿಯೋಪತಿಯವರು ಸಾಮಾನ್ಯವಾಗಿ ಆರಿಸುವುದು ಇವುಗಳಲ್ಲೇ, ಹೆಚ್ಚಾಗಿ 30 ಅಥವಾ 200ರ ಪೊಟೆನ್ಸಿಯಲ್ಲಿ. 30 ಅಂದರೆ ಒಂದು ಭಾಗವನ್ನು 99 ಭಾಗ ದ್ರವದಲ್ಲಿ ಬೆರೆಸಿ, ಅದರಲ್ಲಿ ಒಂದು ಭಾಗ ತೆಗೆದು ಮತ್ತೆ 99ರಲ್ಲಿ, ಹೀಗೆ ಮೂವತ್ತು ಸಲ. ಹನ್ನೆರಡನೆಯ ಸಲಕ್ಕೇ ಮೂಲವಸ್ತುವಿನ ಒಂದು ಅಣು ಉಳಿದಿದ್ದರೆ ಹೆಚ್ಚು. ಜರ್ಮನಿಯಲ್ಲಿ ಕೆಚ್ಚಲು ಬಾವಿನ ಹಸುಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಯಾ ಹಸುವಿಗೆಂದೇ ಆರಿಸಿ ಕೊಟ್ಟ ಹೋಮಿಯೋಪತಿ ಔಷಧ ಬರಿಯ ಸಕ್ಕರೆ ಗುಳಿಗೆಗಿಂತ ಹೆಚ್ಚಿನ ಗುಣ ತೋರಲಿಲ್ಲ. ಬ್ರಿಟನ್ನಿನ ಪಶುವೈದ್ಯರ ರಾಯಲ್ ಕಾಲೇಜು 2017ರಲ್ಲೇ ಇಂಥ ಚಿಕಿತ್ಸೆ ಸಾಕ್ಷ್ಯವಿರುವ ಚಿಕಿತ್ಸೆಗೆ ಪೂರಕವಾಗಿರಲಿ, ಬದಲಿಯಾಗಬಾರದು ಎಂದಿತು.

ಮತ್ತೆ ‘ನಮ್ಮ ಹಸುವಿಗೆ ವಾಸಿಯಾಯಿತಲ್ಲ’ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಸಣ್ಣ ಬಾವು ಎಷ್ಟೋ ಸಲ ಮೂರು ನಾಲ್ಕು ದಿನದಲ್ಲಿ ತಾನೇ ಇಳಿಯುತ್ತದೆ. ಗುಳಿಗೆ ಕೊಡುವ ಮನೆಯವರು ಹಸುವಿನ ಬಳಿ ಹೆಚ್ಚು ಹೊತ್ತು ಇದ್ದು ಹೆಚ್ಚು ಸಲ ಹಿಂಡಿರುತ್ತಾರೆ. ತೊಂದರೆ ಇರುವುದು ಸ್ಟ್ಯಾಫಿಲೊಕಾಕಸ್ ಆರಿಯಸ್‌ನಂಥ ರೋಗಾಣುವಿನಲ್ಲಿ. ಗರಣೆ ಹೋಗಿ ಹಾಲು ಬೆಳ್ಳಗಾದರೂ ಅದು ಒಳಗೆ ಗಡ್ಡೆ ಕಟ್ಟಿಕೊಂಡು ಕೂತಿರುತ್ತದೆ. ಮುಂದಿನ ಹಸುವಿಗೆ ಹರಡುವುದು ಹಾಲು ಕರೆಯುವವರ ಕೈಯಿಂದಲೇ.

ಆದರೂ ಕೊಟ್ಟೇ ಕೊಡುತ್ತೇವೆ ಅನ್ನುವವರು ಮೂರು ವಿಷಯ ಪಾಲಿಸಿ. ಜ್ವರವಿಲ್ಲದೆ, ಚೆನ್ನಾಗಿ ಮೇಯುತ್ತಿರುವ, ಗರಣೆ ಮಾತ್ರ ಕಂಡ ಹಸುವಿಗಷ್ಟೇ ಕೊಡಿ, ವೈದ್ಯರಿಗೂ ತಿಳಿಸಿ. ಬಾಳೆಹಣ್ಣಿನಲ್ಲೋ ರೊಟ್ಟಿ ಚೂರಿನಲ್ಲೋ ಇಟ್ಟು ತಿನ್ನಿಸಿ. ತಲೆ ಎತ್ತಿ ಹಿಡಿದು ಬಾಟಲಿಯಿಂದ ಸುರಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ‘ಮದರ್ ಟಿಂಚರ್’ ಎಂಬ ಶೀಷೆ ಮಾತ್ರ ಮುಟ್ಟಬೇಡಿ. ಅದು ತೆಳು ಮಾಡದ ಗಿಡದ ಸಾರ; ಬೆಲಡೋನ, ಫೈಟೋಲಕ್ಕ ಎರಡೂ ವಿಷದ ಗಿಡಗಳು.

ಗಡುವು 24 ಗಂಟೆ. ಅಷ್ಟರಲ್ಲಿ ಊತ ಇಳಿಯದಿದ್ದರೆ, ಅಥವಾ ಅದಕ್ಕೂ ಮೊದಲೇ ಜ್ವರ ಬಂದರೆ, ವೈದ್ಯರು ಹೇಳಿದ ಆ್ಯಂಟಿಬಯೋಟಿಕ್ ಟ್ಯೂಬು, ನೋವಿನ ಇಂಜೆಕ್ಷನ್ ಬೇಕೇ ಬೇಕು. ಟ್ಯೂಬಿನ ತುದಿ ಮೊಲೆಯ ರಂಧ್ರದಲ್ಲಿ ಮೂರು ನಾಲ್ಕು ಮಿಲಿಮೀಟರಷ್ಟೇ ಒಳಗೆ ಹೋಗಲಿ. ಎರಡನೇ ದಿನಕ್ಕೆ ಹಾಲು ಚೆನ್ನಾಗಿ ಕಂಡಿತೆಂದು ನಿಲ್ಲಿಸಿದರೆ ಬಾವು ಮರುಕಳಿಸುತ್ತದೆ. ಹೇಳಿದಷ್ಟು ದಿನ ಮುಗಿಸಿ. ಲೇಬಲ್ ಮೇಲಿರುವಷ್ಟು ಗಂಟೆ ನಾಲ್ಕೂ ಮೊಲೆಯ ಹಾಲನ್ನು ಡೇರಿಗೆ ಹಾಕಬೇಡಿ. ಟ್ಯೂಬು ಒಂದೇ ಮೊಲೆಗೆ ಹಾಕಿದ್ದರೂ ಔಷಧ ರಕ್ತದ ಮೂಲಕ ಉಳಿದ ಮೂರಕ್ಕೂ ಸೇರಬಹುದು.

ಮೂರನೇ ವಾರ ಅದೇ ಮೊಲೆಯ ಹಾಲನ್ನು ಮತ್ತೆ ಸೋಪಿನ ನೀರಿನಲ್ಲಿ ತಿರುಗಿಸಿ ನೋಡಿ. ಲೋಳೆ ಬಂದರೆ ರೋಗಾಣು ಒಳಗೇ ಉಳಿದಿರಬಹುದು. ದಿನಾಂಕ ಮತ್ತು ಯಾವ ಮೊಲೆ ಎಂಬುದನ್ನು ಕೊಟ್ಟಿಗೆಯ ಗೋಡೆ ಮೇಲೆ ಬರೆದಿಡಿ. ಹಾಲು ಬತ್ತಿಸುವ ದಿನ ಹಾಕುವ ಟ್ಯೂಬನ್ನು ವೈದ್ಯರು ಅದನ್ನು ನೋಡಿಯೇ ಆರಿಸುತ್ತಾರೆ.